ಯೇಸು ಯಾರು ಎಂಬ ವಾದದ ಒಳಗಿರುವ ಇನ್ನೊಂದು ಪ್ರಶ್ನೆ

ಕಾಸರಗೋಡು ಜಿಲ್ಲೆಯಲ್ಲಿ ಯೇಸುವಿನ ಮಾತೆತ್ತಿದರೆ ನಾಲ್ಕು ಕಡೆಯಿಂದ ನಾಲ್ಕು ಉತ್ತರ ಬರುತ್ತದೆ. 1890ರಲ್ಲಿ ಕಟ್ಟಿದ ಬೇಳದ ವ್ಯಾಕುಲ ಮಾತೆಯ ಇಗರ್ಜಿಗೆ ಹೋಗುವ ಕೊಂಕಣಿ ಕೆಥೊಲಿಕರಿಗೆ ಆತ ದೇವಪುತ್ರ. ರಾಜ್ಯದ ಗಡಿ 1956ರಲ್ಲಿ ಬದಲಾದರೂ ಈ ಇಗರ್ಜಿ ಇಂದಿಗೂ ಮಂಗಳೂರು ಬಿಷಪರ ಆಡಳಿತದಲ್ಲೇ ಇದೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲಿ ನಮಾಜು ಮಾಡುವವರಿಗೆ ಆತ ಈಸಾ ನಬಿ. ಕನ್ಯೆ ಮರ್ಯಮರ ಮಗನೆಂದೂ ಮಸೀಹನೆಂದೂ ಅವರು ಒಪ್ಪುತ್ತಾರೆ; ದೇವರೆಂದು ಒಪ್ಪುವುದಿಲ್ಲ, ಶಿಲುಬೆಯ ಮೇಲೆ ಸತ್ತನೆಂದೂ ಒಪ್ಪುವುದಿಲ್ಲ. ಮಧೂರಿನ ಗಣಪತಿಗೆ ಅಪ್ಪ ಸೇವೆ ಕೊಡುವ ಮನೆಗಳಲ್ಲಿ ಕೇಳಿ ನೋಡಿ, "ಅವನೂ ಒಂದು ಅವತಾರವೇ ಅಲ್ವಾ" ಎನ್ನುತ್ತಾರೆ, ಪ್ರೀತಿಯಿಂದಲೇ. ಓದಿದವರು "ದೊಡ್ಡ ಮನುಷ್ಯ, ಬುದ್ಧನ ಹಾಗೆ" ಎಂದು ಮುಗಿಸುತ್ತಾರೆ.

ಈ ನಾಲ್ಕರಲ್ಲಿ ಮೊದಲನೆಯದು ಏನು ಹೇಳುತ್ತದೆ ಎಂಬುದು ಹೊರಗಿನವರಿಗೆ ಸರಿಯಾಗಿ ತಿಳಿದಿರುವುದು ಕಡಿಮೆ. ಒಳಗಿನವರಿಗೂ ಅಷ್ಟೇ ಎನ್ನಬೇಕು. ಭಾನುವಾರ ವಿಶ್ವಾಸ ಪ್ರಮಾಣವನ್ನು (ನಂಬಿಕೆಯ ಸಾರ ಹೇಳುವ ಸಾಲುಗಳನ್ನು) ಬಾಯಿಪಾಠ ಹೇಳುವವರೆಲ್ಲ ಅದರ ಒಂದೊಂದು ಸಾಲಿನ ಹಿಂದೆ ಎಷ್ಟು ಜಗಳ ನಡೆದಿದೆ ಎಂದು ಯೋಚಿಸುವುದಿಲ್ಲ. ಆ ಜಗಳಗಳು ಹೊರನೋಟಕ್ಕೆ ಬರೀ ತರ್ಕದ ಕಸರತ್ತು: ದೇವರೋ, ಮನುಷ್ಯನೋ, ಎರಡೂ ಆದರೆ ಎಷ್ಟೆಷ್ಟು? ಆದರೆ ಪ್ರತಿ ಸಲವೂ ವಾದದ ಬುಡದಲ್ಲಿ ಇದ್ದದ್ದು ಬೇರೆ ಪ್ರಶ್ನೆ. ಆತ ಮಾಡಿದ ಕೆಲಸವೇನು? ಆ ಕೆಲಸ ಆಗಬೇಕಾದರೆ ಆತ ಯಾರಾಗಿರಬೇಕು? ಈ ಎಳೆಯನ್ನು ಹಿಡಿದು ಹೋದರೆ ಕ್ರೈಸ್ತ ಸಿದ್ಧಾಂತ ಅಷ್ಟೇನೂ ಗೋಜಲಲ್ಲ.

ವೇಷವಲ್ಲ

ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ ಎಂದು ದಿನವೂ ಪಠಿಸುವವರು. ಮನುಷ್ಯನಿಗೆ ಅಡ್ಡಬೀಳುವುದೆಂದರೆ ಅವರಿಗೆ ಹೇಸಿಗೆ. ಅಂಥವರು ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಆಜ್ಞೆಯಂತೆ ಶಿಲುಬೆಗೇರಿಸಿ ಕೊಲ್ಲಲಾದ ಬಡಗಿಯೊಬ್ಬನನ್ನು ಕರ್ತನೆಂದು ಕರೆಯತೊಡಗಿದರು. ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಇದ್ದ ಶಿಕ್ಷೆ. ಇಂದು ಕತ್ತಿನಲ್ಲಿ ಚಿನ್ನದ ಶಿಲುಬೆ ನೋಡಿ ಅಭ್ಯಾಸವಾದ ನಮಗೆ ಅದರ ಅವಮಾನ ತಟ್ಟುವುದಿಲ್ಲ. ಆ ಸಾವಿನ ನಂತರ ಮೂರು ದಶಕವೂ ಸರಿಯಾಗಿ ಕಳೆಯುವ ಮೊದಲೇ ಆದಿ ಪ್ರಚಾರಕ ಪೌಲ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ದೇವಸ್ವರೂಪನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ, ಶಿಲುಬೆಯ ಸಾವಿನವರೆಗೂ ವಿಧೇಯನಾದ ಎಂಬ ಸಾಲುಗಳಿವೆ. ಯೇಸುವನ್ನು ದೇವರಾಗಿಸಿದ್ದು ಮುನ್ನೂರು ವರ್ಷದ ಮೇಲೆ ಸೇರಿದ ಒಂದು ಸಭೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಲ್ಲುವ ಮಾತಲ್ಲ. ಭಕ್ತಿ ಮೊದಲು ಬಂತು, ವಿವರಣೆ ಆಮೇಲೆ.

ವಿವರಿಸಲು ಹೊರಟಾಗ ಸುಲಭದ ದಾರಿಗಳು ಕಂಡವು. ಮೊದಲನೆಯದು: ದೇವರು ಬಂದದ್ದು ನಿಜ, ಮೈ ಮಾತ್ರ ತೋರಿಕೆಯದು. ಹಸಿದಂತೆ ಕಂಡ, ಅತ್ತಂತೆ ಕಂಡ, ಸತ್ತಂತೆ ಕಂಡ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾತ್ರಿಯಿಡೀ ರಂಗಸ್ಥಳದಲ್ಲಿ ರಾಮನಾಗಿ ಅತ್ತವನು ಬೆಳಗಿನ ಜಾವ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಬಂದು ಕಿರೀಟ ಇಳಿಸಿ, ಎಣ್ಣೆ ಹಚ್ಚಿ ಬಣ್ಣ ಒರೆಸಿ, ಚಹಾ ಕುಡಿದು ಮನೆಗೆ ಹೋಗುತ್ತಾನೆ. ಯೇಸುವಿನ ಮನುಷ್ಯತನವೂ ಹಾಗೆಯೇ ಎಂದವರು ಮೊದಲ, ಎರಡನೇ ಶತಮಾನದಲ್ಲೇ ಇದ್ದರು. ಅಂತಿಯೋಕ್ಯದ ಬಿಷಪ್ ಇಗ್ನೇಶಿಯಸ್ ರೋಮಿನಲ್ಲಿ ಮೃಗಗಳ ಬಾಯಿಗೆ ಬೀಳಲು ಸೈನಿಕರ ಕಾವಲಿನಲ್ಲಿ ಹೋಗುತ್ತಿದ್ದಾಗ ಬರೆದ ಪತ್ರಗಳಲ್ಲಿ ಇವರ ಮೇಲೆ ಹರಿಹಾಯ್ದಿದ್ದಾನೆ: ಅವನ ನೋವು ತೋರಿಕೆಯದಾದರೆ ನಾನೇಕೆ ಈ ಸಂಕೋಲೆಯಲ್ಲಿದ್ದೇನೆ? ಕ್ರೈಸ್ತ ಸಭೆ ಅವನ ಪಕ್ಷ ವಹಿಸಿತು. ಕ್ರೈಸ್ತರ ಪ್ರಕಾರ ಈ ಆಟಕ್ಕೆ ಚೌಕಿಯೇ ಇಲ್ಲ. ಪುನರುತ್ಥಾನದ ನಂತರವೂ ಸ್ವರ್ಗಾರೋಹಣದ ನಂತರವೂ ಆತ ಮನುಷ್ಯನಾಗಿಯೇ ಇದ್ದಾನೆ, ಗಾಯದ ಗುರುತಿನ ಸಮೇತ.

ಅವತಾರದ ಕಲ್ಪನೆಗೂ ಇದಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ. ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ, 13ನೇ ಶತಮಾನದಲ್ಲಿ, ಮಧ್ವಾಚಾರ್ಯರೂ ತ್ರಿವಿಕ್ರಮ ಪಂಡಿತರೂ ದಿನಗಟ್ಟಲೆ ವಾದ ನಡೆಸಿದ ನೆಲ ಇದು. ದೇವರಿಗೂ ಜೀವನಿಗೂ ಇರುವ ಸಂಬಂಧದ ಬಗ್ಗೆ ಇಲ್ಲಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಾಧ್ವ ಸಿದ್ಧಾಂತದಲ್ಲಿ ಭಗವಂತನ ಅವತಾರ ಶರೀರ ಪ್ರಾಕೃತವಲ್ಲ. ರಾಮನ ಶೋಕ ಲೋಕಕ್ಕೆ ತೋರಿದ ಲೀಲೆ. ದೇವರಿಗೆ ನಿಜವಾದ ದುಃಖ ಅಂಟಿತು ಎನ್ನುವುದು ಅವನ ಪೂರ್ಣತೆಗೆ ಕುಂದು. ದೇವರ ಮರ್ಯಾದೆ ಕಾಯಲೆಂದು ಮಾಡಿದ ವಾದ ಅದು. ಕ್ರೈಸ್ತರು ಅದೇ ಜಾಗದಲ್ಲಿ ನಿಂತು ತದ್ವಿರುದ್ಧ ದಿಕ್ಕಿಗೆ ತಿರುಗುತ್ತಾರೆ. ದೇವರು ನಿಜವಾಗಿ ಹಸಿದ, ದಣಿದು ದೋಣಿಯಲ್ಲಿ ನಿದ್ದೆಹೋದ, ಗೆಳೆಯನ ಸಮಾಧಿಯ ಮುಂದೆ ಅತ್ತ, ಸತ್ತ. ಸಾವು ನಟನೆಯಾದರೆ ಸಾಯುವ ಮನುಷ್ಯನಿಗೆ ಅದರಿಂದ ಬಂದ ಭಾಗ್ಯವೇನು ಎಂಬುದು ಅವರ ಕೇಳಿಕೆ.

ಬೇಕರಿಯಲ್ಲೂ ವಾದ

ಇನ್ನೊಂದು ಸುಲಭದ ದಾರಿ ಇದರ ಎದುರು ದಿಕ್ಕಿನದು. ಈಜಿಪ್ಟಿನ ಅಲೆಕ್ಸಾಂಡ್ರಿಯದ ಗುರು ಆರಿಯಸ್ 4ನೇ ಶತಮಾನದ ಆರಂಭದಲ್ಲಿ ಹೇಳಿದ್ದು ಕೇಳಲು ಬಹಳ ಸಮಂಜಸ: ಆದಿಯಿಲ್ಲದವನು ದೇವರೊಬ್ಬನೇ. ಮಗನೆಂದ ಮೇಲೆ ಆತನಿಗೆ ಆರಂಭವಿರಲೇಬೇಕು. ಹಾಗಾಗಿ ಆತ ಎಲ್ಲಕ್ಕಿಂತ ಮೊದಲು ಸೃಷ್ಟಿಯಾದ, ಎಲ್ಲಕ್ಕಿಂತ ಶ್ರೇಷ್ಠ ಸೃಷ್ಟಿ. ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ನಮಗಿಂತ ಬಹಳ ಮೇಲೆ.

ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ (ಇಂದಿನ ಟರ್ಕಿಯ ಇಜ್ನಿಕ್) ಬಿಷಪರ ಮಹಾಸಭೆ ಕರೆದ. ಆರಿಯಸ್ ಸೋತ. ದೇವರಿಂದ ದೇವರು, ಬೆಳಕಿನಿಂದ ಬೆಳಕು, ಹುಟ್ಟಿದವನೇ ಹೊರತು ಸೃಷ್ಟಿಯಾದವನಲ್ಲ, ತಂದೆಯೊಡನೆ ಒಂದೇ ಸತ್ವದವನು ಎಂಬ ಸಾಲುಗಳು ಅಲ್ಲಿ ಬಂದವು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಇನ್ನಷ್ಟು ಬೆಳೆದ ರೂಪವನ್ನೇ ಇಂದು ಇಗರ್ಜಿಗಳಲ್ಲಿ ಹೇಳುವುದು. ಆದರೆ ಸಭೆ ಮುಗಿದ ಮಾತ್ರಕ್ಕೆ ವಾದ ಮುಗಿಯಲಿಲ್ಲ. ನೈಸಿಯಾದ ಪರ ನಿಂತ ಅಥನಾಸಿಯಸ್ ತನ್ನ ಬಿಷಪ್ ಪದವಿಯ ಕಾಲದಲ್ಲಿ ಐದು ಸಲ ಗಡೀಪಾರಾದ. ನಿಸ್ಸಾದ ಬಿಷಪ್ ಗ್ರೆಗರಿ ಕಾನ್‌ಸ್ಟಾಂಟಿನೋಪಲ್ ಪೇಟೆಯ ಅವಸ್ಥೆ ಕಂಡು ಗೊಣಗಿದ್ದಾನೆ: ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಎಂದು ಭಾಷಣ ಬಿಗಿಯುತ್ತಾರೆ, ರೊಟ್ಟಿಗೆಷ್ಟು ಎಂದರೆ ತಂದೆ ದೊಡ್ಡವನು, ಮಗ ಕೆಳಗಿನವನು ಎನ್ನುತ್ತಾರೆ, ಸ್ನಾನಕ್ಕೆ ನೀರು ಕಾದಿದೆಯಾ ಎಂದರೆ ಮಗನು ಶೂನ್ಯದಿಂದ ಆದವನು ಎಂಬ ಉತ್ತರ.

ಇಷ್ಟೊಂದು ಬಿಸಿ ಯಾಕೆ? ಅಥನಾಸಿಯಸನ ವಾದ ನೋಡಿದರೆ ತಿಳಿಯುತ್ತದೆ. ಮನುಷ್ಯ ದೇವರಿಂದ ದೂರವಾಗಿದ್ದಾನೆ, ಸಾವಿನ ವಶದಲ್ಲಿದ್ದಾನೆ. ಅವನನ್ನು ದೇವರ ಜೀವದೊಳಕ್ಕೆ ಎತ್ತಿಕೊಳ್ಳಬೇಕು. ಒಂದು ಸೃಷ್ಟಿ, ಅದೆಷ್ಟೇ ದೊಡ್ಡದಿರಲಿ, ಇನ್ನೊಂದು ಸೃಷ್ಟಿಯನ್ನು ಸೃಷ್ಟಿಕರ್ತನೊಡನೆ ಸೇರಿಸಲಾರದು. ತನ್ನ ಬಳಿ ಇಲ್ಲದ್ದನ್ನು ಅದು ಕೊಡುವುದೆಲ್ಲಿಂದ? ಆರಿಯಸನ ಯೇಸು ದಾರಿ ತೋರಿಸಬಲ್ಲ, ರಕ್ಷಿಸಲಾರ. ವಿಶ್ವಾಸ ಪ್ರಮಾಣದಲ್ಲೇ ಇದರ ಸುಳಿವಿದೆ: 'ನಮಗಾಗಿ, ನಮ್ಮ ರಕ್ಷಣೆಗಾಗಿ' ಇಳಿದುಬಂದ ಎಂಬ ಮಾತಿನ ಆಸರೆಯ ಮೇಲೆಯೇ ಆತನ ಜನನ, ಮರಣಗಳ ಸಾಲುಗಳೆಲ್ಲ ನಿಂತಿವೆ.

ನಮ್ಮೂರಿನ ಮುಸ್ಲಿಂ ಗೆಳೆಯರ ಆಕ್ಷೇಪಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಸಂಗಾತಿಯೇ ಇಲ್ಲದ ದೇವರಿಗೆ ಮಗನೆಲ್ಲಿಂದ ಎಂದು ಕುರ್‌ಆನ್ ಕೇಳುತ್ತದೆ. ಅಂಥ ಮಗನನ್ನು ಕ್ರೈಸ್ತ ಸಭೆಯೂ ಒಪ್ಪುವುದಿಲ್ಲ; ಒಂದು ದಿನ ಹುಟ್ಟಿ ಬಂದ ಮಗನಲ್ಲ, ಕಾಲವೇ ಇಲ್ಲದಾಗಿನಿಂದ ಇರುವ ಸಂಬಂಧ ಅದು ಎನ್ನುತ್ತದೆ. ಇಷ್ಟು ಹೇಳಿದರೂ ಭಿನ್ನಾಭಿಪ್ರಾಯ ತೀರುವುದಿಲ್ಲ, ಸರಿ. ಆದರೆ ಯಾವುದರ ಬಗ್ಗೆ ಭಿನ್ನಾಭಿಪ್ರಾಯ ಎಂಬುದಾದರೂ ಸ್ಪಷ್ಟವಾಗುತ್ತದೆ.

ನಾಲ್ಕು 'ಇಲ್ಲ'ಗಳು

ಪೂರ್ಣ ದೇವರು ಎಂದಾಯಿತು. ಹಾಗಾದರೆ ಮನುಷ್ಯತನದ ಗತಿ? ಅಪೊಲಿನಾರಿಸ್ ಎಂಬ ಬಿಷಪ್ ಒಂದು ಹೊಂದಾಣಿಕೆ ಸೂಚಿಸಿದ: ಮೈ ಮನುಷ್ಯನದು, ಒಳಗಿನ ಬುದ್ಧಿಯ ಸ್ಥಾನದಲ್ಲಿ ದೇವರ ವಾಕ್ಯ, ಅಂದರೆ ದೇವಪುತ್ರ. ನಾಜಿಯಾನ್ಜಸ್‌ನ ಗ್ರೆಗರಿ (ಮೇಲೆ ಹೇಳಿದವನಲ್ಲ, ಅವನ ಗೆಳೆಯ) ಒಂದೇ ಮಾತಿನಲ್ಲಿ ಅದನ್ನು ಕೆಡವಿದ. ಯಾವುದನ್ನು ಧರಿಸಲಿಲ್ಲವೋ ಅದು ವಾಸಿಯಾಗಲಿಲ್ಲ. ಮನುಷ್ಯ ಕೆಟ್ಟದ್ದು ಮುಖ್ಯವಾಗಿ ಬುದ್ಧಿಯಿಂದ. ಮನುಷ್ಯ ಬುದ್ಧಿಯನ್ನೇ ಹೊರಗಿಟ್ಟು ಬಂದ ರಕ್ಷಕ ಯಾವ ರೋಗಕ್ಕೆ ಮದ್ದು? ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಕೀಲಿಕೈ ಗ್ರೆಗರಿಯ ಈ ಒಂದು ಮಾತು.

431ರ ಎಫೆಸ ಸಭೆಯಲ್ಲಿ ಜಗಳ ಮರಿಯಳ ಹೆಸರಿನಲ್ಲಿ ನಡೆಯಿತು. ಆಕೆಯನ್ನು ದೇವಮಾತೆ ಎನ್ನಬಹುದೇ? ಕ್ರಿಸ್ತಮಾತೆ ಎನ್ನೋಣ ಎಂದ ಕಾನ್‌ಸ್ಟಾಂಟಿನೋಪಲ್ ಬಿಷಪ್ ನೆಸ್ಟೋರಿಯಸನನ್ನು ಪದವಿಯಿಂದ ಇಳಿಸಲಾಯಿತು. ಹುಟ್ಟಿದ್ದು ಒಬ್ಬನೇ, ಆತ ದೇವರೇ. ಆದ್ದರಿಂದ ಆಕೆ ದೇವಮಾತೆಯೇ ಎಂಬ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್‌ನ ಪಕ್ಷ ಗೆದ್ದಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಳ ಜನ್ಮದಿನಕ್ಕೆ) ಮಕ್ಕಳು ಹೂ ಹಾಕುವುದು ಅಂಥ ತಾಯಿಗೆ. ಮೇಲ್ನೋಟಕ್ಕೆ ಮರಿಯಳ ಬಗ್ಗೆ ಎಂದು ಕಾಣುವ ಈ ಬಿರುದು ಅಸಲಿಗೆ ಮಗನ ಬಗೆಗಿನ ತೀರ್ಪು.

451ರಲ್ಲಿ ಕ್ಯಾಲ್ಸಿಡನ್ ಸಭೆ ಒಂದು ಸೂತ್ರ ಕೊಟ್ಟಿತು. ಒಬ್ಬನೇ ವ್ಯಕ್ತಿ, ಎರಡು ಸ್ವಭಾವ. ದೈವತ್ವದಲ್ಲಿ ತಂದೆಗೆ ಸಮ, ಮನುಷ್ಯತ್ವದಲ್ಲಿ ಪಾಪವೊಂದನ್ನು ಬಿಟ್ಟು ಎಲ್ಲದರಲ್ಲೂ ನಮಗೆ ಸಮ. ಎರಡೂ ಬೆರೆತುಹೋಗಿಲ್ಲ, ಬದಲಾಗಿಲ್ಲ, ವಿಭಾಗವಾಗಿಲ್ಲ, ಅಗಲಿಲ್ಲ. ಗಮನಿಸಿ, ನಾಲ್ಕೂ ಮಾತು 'ಇಲ್ಲ'ದಲ್ಲಿ ಮುಗಿಯುತ್ತವೆ. ಎರಡು ಸ್ವಭಾವಗಳು ಹೇಗೆ ಕೂಡಿವೆ ಎಂದು ಸಭೆ ವಿವರಿಸಲೇ ಇಲ್ಲ. ಹೇಗೆ ಹೇಳಬಾರದು ಎಂದಷ್ಟೇ ಹೇಳಿತು. ಅರ್ಧ ದೇವರು ಅರ್ಧ ಮನುಷ್ಯ ಎನ್ನುವುದು ಹೊರಗಿನವರಲ್ಲಿ ಸಾಮಾನ್ಯ ತಿಳುವಳಿಕೆ. ಈ ನಾಲ್ಕು 'ಇಲ್ಲ'ಗಳು ಮೊದಲು ತಳ್ಳಿಹಾಕುವುದು ಅದನ್ನೇ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯದ, ಸಿರಿಯದ ಸಭೆಗಳು 'ಎರಡು' ಎಂದರೆ ಯೇಸುವನ್ನು ಸೀಳಿದಂತೆ ಎಂದು ಬೇರೆಯಾದವು. ಕೇರಳದ ಆರ್ಥೊಡಾಕ್ಸ್, ಯಾಕೊಬೈಟ್ ಸಭೆಗಳು ಇವತ್ತಿಗೂ ಆ ಪರಂಪರೆಯವು. ಮಲಯಾಳ ಪತ್ರಿಕೆಗಳಲ್ಲಿ ಬರುವ ಇವರಿಬ್ಬರ ಜಗಳ ಇದಕ್ಕಾಗಿ ಅಲ್ಲ, ಅದು ಆಡಳಿತ ಯಾರದು, ಇಗರ್ಜಿ ಯಾರದು ಎಂಬ ವ್ಯಾಜ್ಯ. 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೂ ಅದಕ್ಕೇ. ರಾಜಪುರಂ ಕಡೆಯ ಗುಡ್ಡಗಳಿಗೆ 1943ರಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಕ್ನಾನಾಯರು (ಸಿರಿಯನ್ ಕ್ರೈಸ್ತರ ಒಂದು ಪಂಗಡ) ಮಾತ್ರ ಕೆಥೊಲಿಕರು, ಅವರು ಕ್ಯಾಲ್ಸಿಡನ್ ಒಪ್ಪುವವರು. ಸಾವಿರದ ಐನೂರು ವರ್ಷದ ಮೇಲೆ ಎರಡೂ ಕಡೆಯವರು ಕೂತು ಮಾತಾಡಿದಾಗ ಹೇಳುವ ರೀತಿ ಬೇರೆ, ನಂಬುವುದು ಒಂದೇ ಎಂದು ಕಂಡುಕೊಂಡರು: 1973ರಲ್ಲಿ ಪೋಪ್ ಆರನೇ ಪೌಲ್ ಕಾಪ್ಟಿಕ್ ಮುಖ್ಯಸ್ಥ ಮೂರನೇ ಶೆನೂದಾ ಜೊತೆ, 1984ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅಂತಿಯೋಕ್ಯದ ಸಿರಿಯನ್ ಪೆಟ್ರಿಯಾರ್ಕ್ ಜೊತೆ ಜಂಟಿ ಹೇಳಿಕೆಗೆ ಸಹಿ ಹಾಕಿದರು.

ಕೊನೆಯ ದೊಡ್ಡ ವಾದ ಗೆತ್ಸೆಮನೆ ತೋಟದ ಪ್ರಾರ್ಥನೆಯ ಮೇಲೆ. ಹಿಡಿದುಕೊಡುವ ರಾತ್ರಿ ಯೇಸು, ಈ ಪಾತ್ರೆ ನನ್ನಿಂದ ತೊಲಗಲಿ, ಆದರೂ ನನ್ನ ಚಿತ್ತವಲ್ಲ ನಿನ್ನ ಚಿತ್ತವೇ ಆಗಲಿ ಎನ್ನುತ್ತಾನೆ. ಆ 'ನನ್ನ ಚಿತ್ತ' ಯಾರದು? ರಾಜಕೀಯ ಒಗ್ಗಟ್ಟಿಗಾಗಿ ಯೇಸುವಿಗೆ ಒಂದೇ ಚಿತ್ತ ಎಂದು ಬಿಡಿ ಎಂದಿತು ಕಾನ್‌ಸ್ಟಾಂಟಿನೋಪಲ್ ಅರಮನೆ. ಮ್ಯಾಕ್ಸಿಮಸ್ ಎಂಬ ಸನ್ಯಾಸಿ ಒಪ್ಪಲಿಲ್ಲ. ಸಾವಿಗೆ ಹೆದರುವ, ಹೆದರಿಯೂ ಒಪ್ಪಿಕೊಳ್ಳುವ ಮನುಷ್ಯ ಚಿತ್ತ ಅಲ್ಲಿ ಇರಲೇಬೇಕು, ಇಲ್ಲವಾದರೆ ನಮ್ಮ ಚಿತ್ತ ಗುಣವಾಗುವುದು ಹೇಗೆ ಎಂದ. ಅವನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು, 662ರಲ್ಲಿ ಸತ್ತ. 680–681ರ ಮಹಾಸಭೆ ಅವನ ಮಾತನ್ನೇ ಒಪ್ಪಿತು.

ಶಿಲುಬೆಯ ಮೇಲೆ ಆದದ್ದೇನು?

ವಿಚಿತ್ರವೆಂದರೆ, ಯೇಸು ಯಾರು ಎಂಬುದಕ್ಕೆ ಇಷ್ಟೆಲ್ಲ ಸೂತ್ರ ಕಟ್ಟಿದ ಈ ಮಹಾಸಭೆಗಳು, ಆತನ ಸಾವು ಮನುಷ್ಯನನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಒಂದೂ ಅಧಿಕೃತ ಸಿದ್ಧಾಂತ ಕೊಡಲಿಲ್ಲ. ಬೈಬಲ್ಲಿನಲ್ಲಿ ಇರುವುದು ಚಿತ್ರಗಳು. ಮಾರ್ಕನ ಸುವಾರ್ತೆಯಲ್ಲಿ ಅದು ಅನೇಕರ ಬಿಡುಗಡೆಗೆ ತೆತ್ತ ಈಡು. ಇಬ್ರಿಯರಿಗೆ ಬರೆದ ಪತ್ರದಲ್ಲಿ ಅದು ಯಜ್ಞ: ಯೆಹೂದ್ಯರ ಮಹಾಯಾಜಕ ವರ್ಷಕ್ಕೊಮ್ಮೆ ಪ್ರಾಯಶ್ಚಿತ್ತ ದಿನದಂದು ರಕ್ತ ಹಿಡಿದು ಗರ್ಭಗುಡಿ ಹೊಕ್ಕಂತೆ, ಆದರೆ ಇಲ್ಲಿ ಯಾಜಕನೇ ಬಲಿ, ಅದೂ ಒಂದೇ ಸಲ. ಪೌಲನಲ್ಲಿ ಅದು ಸಾವಿನ ಮೇಲಿನ ಗೆಲುವು, ನ್ಯಾಯಾಲಯದ ಬಿಡುಗಡೆ, ಮುನಿದವರ ನಡುವಿನ ರಾಜಿ. ಪೂರ್ವದ ಸಭೆಗಳು ಗೆಲುವಿನ ಚಿತ್ರವನ್ನು ಮುಂದಿಟ್ಟವು. ಅವರಿಗೆ ಪಾಪವೆಂದರೆ ಮುಖ್ಯವಾಗಿ ರೋಗ, ಸಾವು. ಯೇಸು ಸಾವಿನೊಳಕ್ಕೆ ಇಳಿದು ಅದನ್ನು ಒಳಗಿನಿಂದ ಒಡೆದ.

ಪಶ್ಚಿಮದವರು ಲೆಕ್ಕ ಕೇಳಿದರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದ ತರ್ಕ ಹೀಗೆ: ಪಾಪ ದೇವರಿಗೆ ಸಲ್ಲಬೇಕಾದ ಗೌರವವನ್ನು ತಪ್ಪಿಸುತ್ತದೆ. ಸಾಲ ಮನುಷ್ಯನದು, ತೀರಿಸಬೇಕಾದವನು ಮನುಷ್ಯನೇ. ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ. ಹಾಗಾದರೆ ತೀರಿಸುವವನು ದೇವರೂ ಮನುಷ್ಯನೂ ಆಗಿರಬೇಕು. ಒಡೆಯನ ಮಾನಕ್ಕೆ ಕುಂದು ಬಂದರೆ ಪರಿಹಾರ ಕೊಡಲೇಬೇಕಾಗಿದ್ದ ಊಳಿಗಮಾನ್ಯ ಯೂರೋಪಿನ ವಾಸನೆ ಇದರಲ್ಲಿ ಇದೆ. ಆದರೂ ಕ್ಯಾಲ್ಸಿಡನ್ ಸೂತ್ರಕ್ಕೂ ಶಿಲುಬೆಗೂ ಇಷ್ಟು ಬಿಗಿಯಾಗಿ ಗಂಟು ಹಾಕಿದವರು ಕಡಿಮೆ. ಮುಂದೆ 16ನೇ ಶತಮಾನದ ಸುಧಾರಕರು ಮಾನದ ಬದಲು ಕಾನೂನನ್ನು ತಂದರು: ನಮಗೆ ಬರಬೇಕಾದ ಶಿಕ್ಷೆಯನ್ನು ಆತ ಹೊತ್ತ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಉಪದೇಶದ ಹಿನ್ನೆಲೆ ಇದೇ ಸುಧಾರಣೆಯ ಪರಂಪರೆ. ಇಂದು ಕನ್ವೆನ್ಶನ್ ಪೆಂಡಾಲಿನ ಮೈಕಿನಲ್ಲಿ ಕೇಳಿಸುವುದೂ ಹೆಚ್ಚಾಗಿ ಇದೇ, ಸ್ವಲ್ಪ ಜೋರಾಗಿ.

ಆನ್ಸೆಲ್ಮನ ನಂತರದ ತಲೆಮಾರಿನ ಅಬೆಲಾರ್ಡ್ ಬೇರೆ ಹೇಳಿದ. ಶಿಲುಬೆ ದೇವರ ಪ್ರೀತಿಯ ಪರಮ ದರ್ಶನ, ಅದನ್ನು ಕಂಡ ಮನಸ್ಸು ಕರಗಿ ಬದಲಾಗುತ್ತದೆ. ಕ್ರೈಸ್ತರಲ್ಲದವರಿಗೆ ಎಟುಕುವ ಶಿಲುಬೆ ಸಾಮಾನ್ಯವಾಗಿ ಇದು. ಮಂಜೇಶ್ವರದ ಗೋವಿಂದ ಪೈಗಳು 1930ರ ದಶಕದ 'ಗೊಲ್ಗೊಥಾ' ಖಂಡಕಾವ್ಯದಲ್ಲಿ ಯೇಸುವಿನ ಕೊನೆಯ ದಿನವನ್ನು ಹಾಡಿದರು; ಬುದ್ಧನ ಕೊನೆಯ ದಿನವನ್ನೂ ಅವರೇ ಬೇರೆ ಕಾವ್ಯವಾಗಿಸಿದರು. ಎರಡನ್ನೂ ಒಂದೇ ಭಕ್ತಿಯಿಂದ ಓದುವ ಕನ್ನಡಿಗನಿಗೆ ಸಭೆ ಹೇಳುವುದು ಇಷ್ಟು: ಕಣ್ಣೀರು ಬಂದದ್ದು ಒಳ್ಳೆಯದೇ, ಆದರೆ ನಾವು ಹೇಳುವುದು ಅಷ್ಟಕ್ಕೇ ಮುಗಿಯುವುದಿಲ್ಲ. ನೋಡುವವನು ಕರಗಲಿ ಬಿಡಲಿ, ಅಲ್ಲಿ ಏನೋ ಒಂದು ನಡೆದುಹೋಯಿತು. ಮೂರನೇ ದಿನ ಎದ್ದುಬಂದದ್ದು ಅದರ ಗುರುತು. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ತಪ್ಪು ಮಾಡಿದವನನ್ನು ಬಿಟ್ಟು ನಿರಪರಾಧಿಗೆ ಶಿಕ್ಷೆ ಕೊಟ್ಟು ತೃಪ್ತನಾಗುವ ದೇವರು ಎಂಥವನು? ಯೇಸು ಮೂರನೆಯವನಾದರೆ ಈ ಆಕ್ಷೇಪಕ್ಕೆ ಉತ್ತರವೇ ಇಲ್ಲ, ಅದು ಬರೀ ಕ್ರೌರ್ಯ. ಆರಿಯಸ್ ಹೇಳಿದಂತೆ ಆತ ಶ್ರೇಷ್ಠ ಸೃಷ್ಟಿಯಾಗಿದ್ದರೂ ಅಷ್ಟೇ. ನೈಸಿಯಾದ ಮಾತು ನಿಂತರೆ ಮಾತ್ರ ಚಿತ್ರ ತಿರುಗುತ್ತದೆ: ತೀರ್ಪು ಕೊಡಬೇಕಾದವನೇ ಕಟಕಟೆಗೆ ಇಳಿದು ನಷ್ಟವನ್ನು ತನ್ನ ಮೇಲೆ ಹಾಕಿಕೊಂಡ. ಭಾಷಣಕಾರರು ತಂದೆಯ ಕೋಪವನ್ನೂ ಮಗನ ಕರುಣೆಯನ್ನೂ ಎದುರುಬದುರು ನಿಲ್ಲಿಸಿ ಮಾತಾಡುವಾಗ ಜಾರುವುದು ಇಲ್ಲೇ.

ಆ ಕೆಲಸದ ಫಲ ಇಂದಿನವನಿಗೆ ತಲುಪುವುದು ಹೇಗೆ ಎಂಬಲ್ಲಿ ಕೆಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಹಳೆಯ ಜಗಳ. ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸವನ್ನು ಎತ್ತಿ ಹಿಡಿಯುವಾಗ ಕಲ್ವಾರಿ ಗುಡ್ಡದ ಶಿಲುಬೆಯ ಅದೇ ಒಂದು ಬಲಿ ಅಲ್ಲಿ ಪ್ರತ್ಯಕ್ಷವಾಗುತ್ತದೆ, ಹೊಸ ಬಲಿಯಲ್ಲ ಎನ್ನುತ್ತಾರೆ ಕೆಥೊಲಿಕರು. ಬಲಿ ಎಂಬ ಮಾತೇ ಬೇಡ, ನಂಬಿಕೆಯೊಂದು ಸಾಕು ಎಂದರು ಲೂಥರನ ಕಡೆಯವರು. ಮನುಷ್ಯ ನೀತಿವಂತನಾಗುವುದು ಕೃಪೆಯಿಂದಲೇ, ತನ್ನ ಪುಣ್ಯದ ಬಲದಿಂದಲ್ಲ ಎಂಬ ಮೂಲ ಮಾತಿಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಇಬ್ಬರೂ ಸಹಿ ಹಾಕಿದರು. ಪೂಜೆಯ ವಿಷಯ ಹಾಗೆಯೇ ಉಳಿದಿದೆ.

ಅವತಾರವೆನ್ನುವ ನಮ್ಮ ನೆರೆಯವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಧರ್ಮಕ್ಕೆ ಗ್ಲಾನಿ ಬಂದಾಗಲೆಲ್ಲ ಯುಗಯುಗದಲ್ಲೂ ಬರುವುದು ದೇವರ ಕ್ರಮವಾದರೆ, ಪ್ಯಾಲೆಸ್ಟೈನಿನಲ್ಲಿ ಒಂದೇ ಸಲ ಬಂದು ಹೋದದ್ದು ಎಲ್ಲರಿಗೂ ಸಾಕಾಗುವುದು ಹೇಗೆ? ಕ್ರೈಸ್ತರಿಗೆ ಆ 'ಒಂದೇ ಸಲ' ಬಿಟ್ಟುಕೊಡಲಾಗದ ಮಾತು. ಮನುಷ್ಯನ ರೋಗಕ್ಕೆ ಆಗಬೇಕಾದದ್ದು ಆಗಿದೆ, ಇನ್ನೊಮ್ಮೆ ಬರುವುದು ಕೊನೆಯ ತೀರ್ಪಿಗೆ. ವಿಶ್ವಾಸ ಪ್ರಮಾಣದಲ್ಲಿ ಪಿಲಾತನ ಹೆಸರು ಕೂತಿರುವುದು ಇದು ಇಂಥ ಅಧಿಕಾರಿಯ ಕಾಲದಲ್ಲಿ, ಇಂಥ ಊರಲ್ಲಿ ನಡೆದದ್ದು ಎಂದು ಗೂಟ ಹೊಡೆಯಲಿಕ್ಕೆ.

ಹಾಗಾದರೆ ಆ ಹೆಸರನ್ನೇ ಕೇಳದೆ ಬಾಳಿ ಹೋದ ನಮ್ಮ ಅಜ್ಜ ಅಜ್ಜಿಯರ ಗತಿ? ಈ ಪ್ರಶ್ನೆಯನ್ನು ಪಾದ್ರಿಗಳೊಡನೆ ಕೇಳದ ಕಾಸರಗೋಡಿನ ಹಿಂದೂವೂ ಇಲ್ಲ, ಮುಸ್ಲಿಮನೂ ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕೊಟ್ಟ ಉತ್ತರ ಹೀಗೆ: ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಆತ್ಮಸಾಕ್ಷಿಯಂತೆ ನಡೆದರೆ ರಕ್ಷಣೆ ಪಡೆಯಬಹುದು, ಪಡೆಯುವುದು ಕ್ರಿಸ್ತನಿಂದಲೇ, ಅವನ ಹೆಸರು ಗೊತ್ತಿರದಿದ್ದರೂ. ಪೆಂತೆಕೊಸ್ತ್ ಮೊದಲಾದ ಪಂಗಡಗಳ ಅನೇಕ ಬೋಧಕರು ಇದನ್ನು ಒಪ್ಪುವುದಿಲ್ಲ. ಬಾಯಿಬಿಟ್ಟು ನಂಬಿಕೆ ಹೇಳದವನಿಗೆ ರಕ್ಷಣೆಯಿಲ್ಲ ಎನ್ನುತ್ತಾರೆ, ಮನೆ ಮನೆಗೆ ಕರಪತ್ರ ಹಂಚುವ ಅವರ ಅವಸರದ ಕಾರಣವೂ ಅದೇ.